ತಿದ್ದುವ ಕಾಲ ಆಮೇಲೆ ಬರುತ್ತದೆ

ಬರೆಯಲು ಕುಳಿತವರನ್ನು ಮೊದಲು ತಡೆಯುವವನು ಹೊರಗಿನ ವಿಮರ್ಶಕನಲ್ಲ; ಮೊದಲ ಸಾಲು ಮುಗಿಯುವ ಮುನ್ನವೇ ‘ಇದು ಸಾಲದು’ ಎನ್ನುವ ಒಳಗಿನ ಟೀಕಾಕಾರ. ಪರಿಪೂರ್ಣತೆಗಾಗಿ ಕಾಯದೆ, ಇಂದಿನ ಕೆಲಸವನ್ನು ಇಂದೇ ಮುಗಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದಲ್ಲೇ ಒಂದು ಉದಾಹರಣೆಯಿದೆ. ಅದು ‘ವಚನ ಪಿತಾಮಹ’ ಫ.ಗು. ಹಳಕಟ್ಟಿಯವರ ಬದುಕು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಕಾನೂನು ಪದವಿ ಪಡೆದು, ಆಗ ಬಿಜಾಪುರ ಎನಿಸಿಕೊಂಡಿದ್ದ ಊರಿನಲ್ಲಿ ವಕೀಲರಾಗಿ ನೆಲೆಸಿದರು. 1910ರಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟುವ ಕೆಲಸಕ್ಕೂ ಹೆಗಲು ಕೊಟ್ಟರು. ಬಿಡುವೇ ಇಲ್ಲದ ಇಂಥ ಮನುಷ್ಯ ವಚನಗಳ ತಾಳೆಗರಿಗಳನ್ನು ಹುಡುಕುತ್ತ ಊರೂರು ಅಲೆದರು.

ಆ ಕಾಲದಲ್ಲಿ ಅನೇಕ ಮನೆ, ಮಠಗಳಲ್ಲಿ ತಾಳೆಗರಿಯ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿಟ್ಟ ಪೂಜೆಯ ವಸ್ತುಗಳಾಗಿದ್ದವು. ಓದುವವರಿಲ್ಲದ ಗರಿಗಳನ್ನು ಗೆದ್ದಲು, ತೇವ ತಿನ್ನುತ್ತಿದ್ದವು. ಓದುವುದೂ ಸುಲಭವಾಗಿರಲಿಲ್ಲ. ಪದಗಳ ನಡುವೆ ಬಿಡುವಿಲ್ಲ, ವಿರಾಮ ಚಿಹ್ನೆಗಳಿಲ್ಲ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ ಎಂದು ಅಂಕಿತದಿಂದ ವಚನಕಾರರನ್ನು ಗುರುತಿಸಬೇಕಿತ್ತು. ಎಲ್ಲ ಪ್ರತಿಗಳೂ ಸಿಗಲಿ, ಎಲ್ಲ ಸಂದೇಹವೂ ತೀರಲಿ ಎಂದು ಕಾಯುತ್ತ ಕುಳಿತಿದ್ದರೆ ಅಷ್ಟರಲ್ಲಿ ಗರಿಗಳೇ ಉಳಿಯುತ್ತಿರಲಿಲ್ಲ.

ಹಳಕಟ್ಟಿಯವರು ಕಾಯಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. ಅವರು ಬೇರೆ ದಾರಿ ಹುಡುಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾದವು. ಇಲ್ಲಿಯೇ ಅವರ ದುಡಿಮೆಯ ಗುಟ್ಟಿದೆ. ಪತ್ರಿಕೆ ನಡೆಸುವವನಿಗೆ ಸ್ಫೂರ್ತಿಗಾಗಿ ಕಾಯುವ ಅವಕಾಶವಿಲ್ಲ. ಸಂಚಿಕೆಯ ದಿನ ಬಂದರೆ ಪುಟ ತುಂಬಲೇಬೇಕು. ಆ ಶಿಸ್ತಿಗೆ ಹಳಕಟ್ಟಿ ತಮ್ಮನ್ನು ತಾವೇ ಕಟ್ಟಿಕೊಂಡರು. ‘ಶಿವಾನುಭವ’ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಹಾಗೆಂದು ಅವರ ಆವೃತ್ತಿಗಳೇ ಕೊನೆಯ ಮಾತಾಗಲಿಲ್ಲ. ನಂತರದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ ಪಾಠ ಪರಿಷ್ಕರಿಸಿದರು. 1993ರಲ್ಲಿ ರಾಜ್ಯ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಇದರಿಂದ ಹಳಕಟ್ಟಿಯವರ ಹಿರಿಮೆ ಕುಗ್ಗಲಿಲ್ಲ. ತಿದ್ದಲು ಮೊದಲು ಒಂದು ಪುಟವಾದರೂ ಇರಬೇಕು; ಆ ಪುಟವನ್ನು ಅವರು ಕೊಟ್ಟಿದ್ದರು.

1964ರ ಜೂನ್ 29ರಂದು ಹಳಕಟ್ಟಿ ತೀರಿಕೊಂಡರು. ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾದಲ್ಲೋ ಬಬಲೇಶ್ವರದಲ್ಲೋ ತನ್ನೂರಿನ ಕಥೆ ಬರೆಯಬೇಕೆಂದು ಹಂಬಲಿಸುವ ಶಿಕ್ಷಕನಿಗೆ ಈ ಬದುಕು ಹೇಳುವುದು ಇಷ್ಟೇ: ಒಳಗಿನ ಟೀಕಾಕಾರನನ್ನು ಮನೆಯಿಂದ ಅಟ್ಟಬೇಕಿಲ್ಲ, ಬರೆದು ಮುಗಿಸುವವರೆಗೆ ಕಟ್ಟೆಯ ಮೇಲೆ ಕೂರಿಸಿದರೆ ಸಾಕು. ಊರಿನ ಹಿರಿಯರ ನೆನಪೂ ತಾಳೆಗರಿಯಂತೆಯೇ, ಯಾರಿಗಾಗಿಯೂ ಕಾಯುವುದಿಲ್ಲ.