ವಿಜಾಪುರ ರಸ್ತೆ: ಅಚ್ಚುಮೊಳೆಯಿಂದ ಅಂಗೈಯ ಫೋನಿನವರೆಗೆ

ಸೊಲ್ಲಾಪುರದಿಂದ ತೆಂಕಣ ದಿಕ್ಕಿಗೆ ಹೊರಟು, ಕಂಬರ ತಲಾವನ್ನು ಹಿಂದೆ ಬಿಟ್ಟು, ಭೀಮೆಯನ್ನು ದಾಟಿ ಸುಮಾರು ನೂರು ಕಿಲೋಮೀಟರು ಸಾಗಿದರೆ ಗೋಳಗುಮ್ಮಟದ ಊರು. ಆಂಗ್ಲರು ಬಿಜಾಪುರವೆಂದು ಬರೆದರು. 2014ರ ನವೆಂಬರ್ 1ರಂದು ಅದು ಸರಕಾರಿ ದಾಖಲೆಗಳಲ್ಲಿ ವಿಜಯಪುರವಾಯಿತು. ಈ ತುದಿಯಲ್ಲಿರುವ ನಮಗೆ ಮಾತ್ರ ಮೊದಲಿನಿಂದಲೂ ಅದು ವಿಜಾಪುರ; ನಾವು ವಾಸವಾಗಿರುವುದು ವಿಜಾಪುರ ರಸ್ತೆ. ಈ ರಸ್ತೆಯ ಒಂದು ತುದಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ವಚನಗಳು ಹುಟ್ಟಿದವು. ಇನ್ನೊಂದು ತುದಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಅವು ಅಚ್ಚಾದವು. ಇವೆರಡರ ಸಂಬಂಧವನ್ನು ನೆನೆದರೆ, ಇಂದು ನಮ್ಮ ಮನೆಗಳಲ್ಲಿ ಫೋನು, ಅಂತರಜಾಲಗಳ ಬಗ್ಗೆ ನಡೆಯುತ್ತಿರುವ ಚರ್ಚೆಗೆ ಸ್ವಲ್ಪ ಬೆಳಕು ದೊರೆಯಬಹುದೆಂದು ನನ್ನ ಎಣಿಕೆ.

ಸೊನ್ನಲಿಗೆಯ ಸಿದ್ಧರಾಮನ ಹಾಗೂ ಇತರ ಶರಣರ ವಚನಗಳು ಶತಮಾನಗಳ ಕಾಲ ತಾಳೆಗರಿ ಹಾಗೂ ಕೈಬರಹದ ಕಟ್ಟುಗಳಲ್ಲಿದ್ದವು. ಮಠಗಳಲ್ಲಿ, ಮನೆಗಳ ಜಗಲಿಯಲ್ಲಿ, ಪೂಜೆಗೊಳ್ಳುತ್ತ, ಓದಲ್ಪಡದೆ ಉಳಿದವು ಎಷ್ಟೋ. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ, ಪಾಠ ಹೋಲಿಸಿ, ನಕಲು ಮಾಡಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂದಿತು. ಬೇರೆಯವರ ಮುದ್ರಣಾಲಯವನ್ನೇ ನಂಬಿ ಕುಳಿತರೆ ಕೆಲಸ ಸಾಗದೆಂದು ಅರಿತು, ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿಯೇ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಪ್ರಾರಂಭವಾಯಿತು. ವಕೀಲರು ಗಳಿಸಿ ಮನೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಮನೆ ಮಾರಿ ಅಚ್ಚುಮೊಳೆ ಕೊಂಡ ವಕೀಲರನ್ನು ನಾನು ಇವರೊಬ್ಬರಲ್ಲದೆ ಕೇಳಿಲ್ಲ.

ಕನ್ನಡ ಮುದ್ರಣವೆಂದರೆ ಆಗ ಸುಲಭದ ಕೆಲಸವಲ್ಲ. ಆಂಗ್ಲ ಭಾಷೆಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಮತ್ತು ಸಣ್ಣ ರೂಪಗಳು ಸಾಕು. ಕನ್ನಡಕ್ಕೆ ಗುಣಿತಾಕ್ಷರ ಬೇಕು, ಒತ್ತು ಬೇಕು, ಕೊಂಬು, ದೀರ್ಘ, ಅರ್ಕಾವೊತ್ತು ಬೇಕು. ಮೊಳೆ ಜೋಡಿಸುವವನು ಮರದ ಗೂಡುಗಳ ಮುಂದೆ ನಿಂತು, ಪ್ರತಿಯೊಂದು ಸೀಸದ ಮೊಳೆಯನ್ನು ಹೆಕ್ಕಿ, ಕನ್ನಡಿಯಲ್ಲಿ ಕಾಣುವಂತೆ ಹಿಂದುಮುಂದಾದ ಅಕ್ಷರಗಳನ್ನು ಓದುತ್ತ ಸಾಲು ಕಟ್ಟಬೇಕು. ಒಂದು ಒತ್ತಕ್ಷರದ ಮೊಳೆ ತೀರಿತೆಂದರೆ ಪುಟವೇ ನಿಂತಿತು. ಇಂದು ಬೆರಳ ತುದಿಯಲ್ಲಿ ಬರುವ 'ಜ್ಞಾನ' ಎಂಬ ಒಂದು ಪದದ ಹಿಂದೆ ಅಷ್ಟು ದುಡಿಮೆಯಿತ್ತು.

ಈ ತುದಿಯ ಸಂಗತಿಯೇ ಬೇರೆ. 1860ರಲ್ಲಿ ರೈಲು ಬಂದಿತು. 1877ರಲ್ಲಿ ನಾವು ಜುನಿ ಮಿಲ್ ಎನ್ನುವ ಗಿರಣಿ ಸ್ಥಾಪನೆಯಾಯಿತು. ಗಿರಣಿಯ ಭೋಂಗಾ ಕೂಗಿದಾಗ ಊರು ಏಳುತ್ತಿತ್ತು, ಕೂಗಿದಾಗ ಉಣ್ಣುತ್ತಿತ್ತು. ಅಕ್ಕಲಕೋಟೆ, ಇಂಡಿಗಳ ಕಡೆಯಿಂದ ಬಂದ ಕನ್ನಡಿಗರು, ತೆಲುಗು ನೇಕಾರರು, ಮರಾಠಿಗರು ಒಂದೇ ಓಣಿಯಲ್ಲಿ ಸೇರಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಆಂಗ್ಲ ಎಂಬ ನಮ್ಮ ತ್ರಿಭಾಷಾ ಸೂತ್ರ ಯಾವ ಸರಕಾರವೂ ಹೊರಡಿಸಿದ್ದಲ್ಲ. ಹೀಗಿದ್ದೂ ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು, 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲಿ ನಡೆಯಿತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಜಯದೇವಿತಾಯಿ ಲಿಗಾಡೆಯವರ ಉದಾಹರಣೆ. ಸೊಲ್ಲಾಪುರದಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಆಮೇಲೆ ಸ್ವಂತ ಪ್ರಯತ್ನದಿಂದ ಕಲಿತು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ನಮ್ಮೂರಿನವರು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಸ್ತೆಯ ಆ ತುದಿ ಮೈಸೂರು ರಾಜ್ಯಕ್ಕೆ ಹೋಯಿತು, ಈ ತುದಿ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. 1950ರಲ್ಲಿ ಪ್ರಾರಂಭವಾದ ಧಾರವಾಡ ಆಕಾಶವಾಣಿಯ ಅಲೆಗಳಿಗೆ ಮಾತ್ರ ಯಾವ ನಾಕೆಯೂ ಇರಲಿಲ್ಲ; ಖರಖರ ಸದ್ದಿನ ನಡುವೆಯೇ ನಮ್ಮ ಹಿರಿಯರು ಕನ್ನಡ ವಾರ್ತೆ ಕೇಳಿದರು. ತಂತಿಯ ಮಾತು ಹಾಗಲ್ಲ. ಸಾವಿನ ಸುದ್ದಿಯಾಗಲಿ ಹೆರಿಗೆಯ ಸುದ್ದಿಯಾಗಲಿ, ಕನ್ನಡ ಮನೆಯಿಂದ ಕನ್ನಡ ಮನೆಗೆ ಹೋಗುವಾಗ ಆಂಗ್ಲ ಅಕ್ಷರಗಳ ವೇಷ ಧರಿಸಬೇಕಾಗಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ಮುಗಿಯಿತು. ಆ ವೇಷ ಮಾತ್ರ ಮುಗಿಯಲಿಲ್ಲ. ಇಂದು ಮೊಮ್ಮಕ್ಕಳು 'ಊಟ ಆಯ್ತಾ' ಎಂಬುದನ್ನು ಆಂಗ್ಲ ಅಕ್ಷರಗಳಲ್ಲಿಯೇ ಬರೆದು ಕಳಿಸುತ್ತಾರೆ.

ತಂತಿಯ ಕಾಲದಲ್ಲಿ ನಮಗೆ ಬೇರೆ ಉಪಾಯವಿರಲಿಲ್ಲ. ಈಗ ಉಪಾಯವುಂಟು. ಕೆ.ಪಿ. ರಾಯರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಮರದ ಗೂಡುಗಳ ಮೊಳೆಗಳೆಲ್ಲ ಇಪ್ಪತ್ತಾರು ಕೀಲಿಗಳೊಳಗೆ ಅಡಗಿದವು. 1998ರಲ್ಲಿ ಬರಹ ಬಂದಿತು, ಬಳಿಕ ನುಡಿ ಬಂದಿತು. ಒಂದು ಗಣಕದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಕೀಟಲಿಪಿಯಾಗಿ ಕಾಣುತ್ತಿದ್ದ ತೊಂದರೆಯನ್ನು ಯೂನಿಕೋಡ್ ನಿವಾರಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮದ ಪಠ್ಯಗಳನ್ನೂ ಪ್ರಕಟಿಸುತ್ತದೆ; ಅವುಗಳನ್ನು ಈಗ ಫೋನಿನಲ್ಲಿ ಇಳಿಸಿಕೊಳ್ಳಬಹುದು. ಸರಕಾರಿ ಸುತ್ತೋಲೆಗಳ ಸಾರವನ್ನು ಸ್ಟೆನ್ಸಿಲ್ ಕಾಗದದ ಮೇಲೆ ಕನ್ನಡದಲ್ಲಿ ಕೊರೆದು, ಮಸಿ ಬಳಿದು, ಒಂದೊಂದೇ ಪ್ರತಿ ತೆಗೆಯುತ್ತಿದ್ದ ನನ್ನಂಥ ಮಾಸ್ತರರಿಗೆ ಇದೆಲ್ಲ ಇಂದಿಗೂ ಬೆರಗು. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂದು ಅಂಕಿತವನ್ನು ಬರೆದು ಹುಡುಕಿದರೆ ಸಿದ್ಧರಾಮನ ವಚನಗಳು ಸಾಲಾಗಿ ಬಂದು ನಿಲ್ಲುತ್ತವೆ. ಹಳಕಟ್ಟಿಯವರು ಊರೂರು ತಿರುಗಿದ್ದನ್ನು ನೆನೆಯಿರಿ.

ಇಷ್ಟೆಲ್ಲ ಇರುವಾಗ ಕೊರತೆಯೇನು? ಓದುವವರದು. ಗಿರಣಿಗಳು ಮುಚ್ಚಿದ ಮೇಲೆ ನಮ್ಮ ಮಕ್ಕಳು ಕೆಲಸಕ್ಕಾಗಿ ಪುಣೆಯ ದಾರಿ ಹಿಡಿದರು. ಹಬ್ಬ ಮುಗಿಸಿ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತುವ ಮನೆಮಂದಿಯಲ್ಲಿ ಅಜ್ಜ ಅಜ್ಜಿಯರೊಡನೆ ಕನ್ನಡ ಮಾತನಾಡುವ ಮಕ್ಕಳು ಎಷ್ಟೋ ಇದ್ದಾರೆ. ಕನ್ನಡ ಅಕ್ಷರ ಬಲ್ಲವರು ತೀರ ವಿರಳ. ಪುಣೆಯಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳೂ ಹಾಗೆಯೇ. ವಾರಕ್ಕೆರಡು ಸಲ ಧ್ವನಿ ಸಂದೇಶ ಕಳಿಸುತ್ತಾಳೆ, ಕನ್ನಡ ಅಚ್ಚುಕಟ್ಟಾಗಿದೆ. ಕಳೆದ ರಜೆಯಲ್ಲಿ ವಚನದ ಪುಸ್ತಕವನ್ನು ಕೈಗಿತ್ತೆ. ಫೋನನ್ನು ಪುಟದ ಮೇಲೆ ಹಿಡಿದಳು. ಯಂತ್ರವೇ ಗಟ್ಟಿಯಾಗಿ ಓದಿತು. "ಅಜ್ಜಾ, ಫೋನೇ ಓದತೈತಲ್ಲ, ಮತ್ತ ನಾ ಯಾಕ ಕಲೀಬೇಕು?" ಎಂದು ಕೇಳಿದಳು.

ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ ಪ್ರಶ್ನೆ ಕೇಳಿದವನಿಗೆ ಇದು ಚುರುಕು ಮುಟ್ಟಿಸುವ ಪ್ರಶ್ನೆ. ಆಕೆಯ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಸಂಕ್ರಾಂತಿಯ ಗಡ್ಡಾ ಜಾತ್ರೆಯನ್ನೇ ನೋಡಿರಿ. ಸಮ್ಮತಿ ಕಟ್ಟೆಯ ಬಳಿ ಏಳು ನಂದಿಧ್ವಜಗಳು ನಿಂತು ಅಕ್ಷತೆ ಬೀಳುವಾಗ, ಕನ್ನಡಿಗ, ಮರಾಠಿಗ, ತೆಲುಗನೆನ್ನದೆ ನೆರೆದವರೆಲ್ಲ 'ದಿಡ್ಡಂ' ಎಂದು ಕೂಗುತ್ತಾರೆ. ಅದು ನಮ್ಮ 'ದಿಟ' ಎಂಬ ಪದವೇ ಇರಬೇಕೆಂದು ನನಗೆ ತೋರುತ್ತದೆ. ಯಾವ ಶಾಲೆಯೂ ಕಲಿಸದೆ, ಯಾವ ಲಿಪಿಯ ಹಂಗೂ ಇಲ್ಲದೆ, ಬರಿಯ ದನಿಯಾಗಿ ಅದು ಬಾಳಿಬಂದಿದೆ. ಆದರೆ ಕೂಗುವವರಲ್ಲಿ ಅರ್ಥ ಬಲ್ಲವರು ಎಷ್ಟು ಮಂದಿ?

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಫೋನು ಓದಿತು ಸರಿ, ಓದಲಿಕ್ಕೆ ಅಲ್ಲಿ ಅಕ್ಷರ ಇದ್ದವಲ್ಲ, ಅವನ್ನು ಯಾರು ಇಟ್ಟರವ್ವಾ?" ಆಮೇಲೆ ಹಳಕಟ್ಟಿಯವರ ಮನೆಯ ಕಥೆ ಹೇಳಿದೆ. ಆಕೆ ಯಂತ್ರದ ಓದನ್ನು ಮತ್ತೊಮ್ಮೆ ಕೇಳಿದಳು. ಸೊನ್ನಲಿಗೆ ಎಂಬ ಹೆಸರು ಬಂದಾಗ ಯಂತ್ರ ನಿಲ್ಲದೆ ಮುಂದೆ ಹೋಯಿತು. ಅದು ನಾವು ಕುಳಿತಿದ್ದ ಊರೇ ಎಂದು ನಾನು ತಿಳಿಸಿದ ಮೇಲೆ, ಆ ಪದ ಪುಟದಲ್ಲಿ ಎಲ್ಲಿದೆ, ತೋರಿಸು ಎಂದಳು.

ಅಲ್ಲಿಂದ ಪಾಠ ಶುರುವಾಯಿತು. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ವರ್ಣಮಾಲೆ ಹೊಸದಲ್ಲ. ಕ ಖ ಗ ಘ ಎಂಬ ಕ್ರಮ ಬಾಯಲ್ಲಿಯೇ ಇರುತ್ತದೆ, ಆಕಾರ ಕಲಿತರಾಯಿತು. ನಲವತ್ತೊಂಬತ್ತು ಅಕ್ಷರಗಳು, ದಿನಕ್ಕೆ ಐದರಂತೆ ಹತ್ತು ದಿನ. ಗುಣಿತಕ್ಕೆ, ಒತ್ತಕ್ಷರಕ್ಕೆ ಇನ್ನೊಂದು ವಾರ. ಆಕೆಗೆ ಒಟ್ಟು ಹತ್ತೊಂಬತ್ತು ದಿನ ಹಿಡಿಯಿತು. ಶ ಮತ್ತು ಷ ಇನ್ನೂ ಅದಲುಬದಲಾಗುತ್ತವೆ. ಸಂಘದ ಬಂಧುಗಳ ಮೊಮ್ಮಕ್ಕಳು ದೀಪಾವಳಿಯ ರಜೆಗೆ ಬಂದಾಗ ಸಂಜೆ ಐದಕ್ಕೆ ನಮ್ಮ ಮನೆಗೆ ಕಳಿಸಿರಿ. ಕರಿಹಲಗೆ, ಸೀಮೆಸುಣ್ಣ ಸಿದ್ಧವಾಗಿವೆ. ಫೋನನ್ನೂ ತರಲಿ, ಮೂರನೆಯ ವಾರದಲ್ಲಿ ಬೇಕಾಗುತ್ತದೆ.