ಕಂಪ್ಯೂಟರಿನ ಹಗೇವು

ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರು ಬೆಲೆಪಟ್ಟಿಯನ್ನು ತುಸು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. 2024ರ ಕೊನೆಯಲ್ಲಿ ಆಪಲ್ ಕಂಪೆನಿ ‘ಮ್ಯಾಕ್ ಮಿನಿ’ ಎಂಬ ಅಂಗೈ ಅಗಲದ ಕಂಪ್ಯೂಟರನ್ನು ಭಾರತದ ಮಾರುಕಟ್ಟೆಗೆ ತಂದಾಗ, 256 ಗಿಗಾಬೈಟ್ ಸಂಗ್ರಹವಿರುವ ಮಾದರಿಗೆ 59,900 ರೂಪಾಯಿ, 512 ಗಿಗಾಬೈಟ್ ಇರುವುದಕ್ಕೆ 79,900 ರೂಪಾಯಿ ಬೆಲೆ ಇಟ್ಟಿತು. ಉಳಿದಂತೆ ಯಂತ್ರ ಅದೇ. ಅಂದರೆ ಒಳಗಿನ ಹೆಚ್ಚುವರಿ 256 ಗಿಗಾಬೈಟ್ ಜಾಗಕ್ಕೆ 20,000 ರೂಪಾಯಿ. ಅದೇ ದಿನಗಳಲ್ಲಿ, ತಂತಿ ಸಿಕ್ಕಿಸಿ ಹೊರಗಿನಿಂದ ಬಳಸುವ 1 ಟೆರಾಬೈಟಿನ, ಎಂದರೆ ಸುಮಾರು 1,000 ಗಿಗಾಬೈಟಿನ ಪುಟ್ಟ ಡ್ರೈವ್ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತಿತ್ತು. ಅರ್ಧ ಹಣಕ್ಕೆ ನಾಲ್ಕು ಪಟ್ಟು ಜಾಗ!

ಲೆಕ್ಕ ಬಲ್ಲವರು ಚಿಕ್ಕ ಮಾದರಿಯನ್ನೇ ಕೊಂಡು, ಪಕ್ಕಕ್ಕೊಂದು ಡ್ರೈವ್ ತಗುಲಿಸಿಕೊಂಡರು. ಹಳ್ಳಿಗಳಲ್ಲಿ ಮನೆಯೊಳಗಿನ ಕಣಜ ತುಂಬಿದ ಮೇಲೆ ಮಿಕ್ಕ ಜೋಳ, ರಾಗಿಯನ್ನು ನೆಲದಲ್ಲಿ ತೋಡಿದ ಹಗೇವಿಗೆ ಇಳಿಸುತ್ತಿದ್ದರಲ್ಲ, ಹಾಗೆ. ಮನೆಯನ್ನೇ ಹಿಗ್ಗಿಸುವುದಕ್ಕಿಂತ ಹಗೇವು ತೋಡುವುದು ಅಗ್ಗ. ಕಂಪ್ಯೂಟರಿನ ಈ ಹಗೇವು ಇಂದು ನಿನ್ನೆಯದೇನೂ ಅಲ್ಲ. ಪೆಟ್ಟಿಗೆಯನ್ನು ತಯಾರಕರು ಮುಚ್ಚಿದಾಗಲೆಲ್ಲ ಬಳಕೆದಾರರು ಹೊರಗೆ ಜಾಗ ಹುಡುಕಿದ್ದಾರೆ. ಅದು ಸಾಧ್ಯವಾಗುತ್ತದೋ ಇಲ್ಲವೋ ಎಂಬುದನ್ನು ಪ್ರತಿ ಸಲವೂ ನಿರ್ಧರಿಸಿದ್ದು ಡಿಸ್ಕ್ ಅಲ್ಲ, ಅದನ್ನು ಸಿಕ್ಕಿಸುವ ಕಿಂಡಿ.

ಹಾಗೆ ನೋಡಿದರೆ ಡಿಸ್ಕ್ ಹುಟ್ಟಿದ್ದೇ ಹೊರಗೆ. 1956ರ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪೆನಿ ಪ್ರಕಟಿಸಿದ ‘ರಾಮ್ಯಾಕ್ 305’ ಗಣಕವ್ಯವಸ್ಥೆಯ ಜೊತೆಗಿದ್ದ ‘350’ ಎಂಬ ಘಟಕ, ದೊಡ್ಡ ಬೀರುವಿನಂತೆ ಪ್ರತ್ಯೇಕವಾಗಿ ನಿಲ್ಲುತ್ತಿತ್ತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ರೂಪಿಸಿದ ಈ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತೂಕ ಸುಮಾರು ಒಂದು ಟನ್. ಅಷ್ಟೆಲ್ಲ ಮಾಡಿ ಅದು ಹಿಡಿಸಿಕೊಳ್ಳುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಅದರಲ್ಲಿ ಹಿಡಿಸುವುದು ಕಷ್ಟ. ಗ್ರಾಹಕರು ಈ ವ್ಯವಸ್ಥೆಯನ್ನು ಸಾಮಾನ್ಯವಾಗಿ ತಿಂಗಳಿಗೆ ಸುಮಾರು 3,200 ಡಾಲರ್ ಬಾಡಿಗೆಗೆ ಪಡೆಯುತ್ತಿದ್ದರು. ಈ ಬಾಡಿಗೆಯ ಮಾತನ್ನು ನೆನಪಿಡಬೇಕು, ಕೊನೆಯಲ್ಲಿ ಅದು ಮರಳಿ ಬರುತ್ತದೆ.

1962ರ ಐಬಿಎಂ 1311ರಲ್ಲಿ ಡಿಸ್ಕ್‌ಗಳ ಕಟ್ಟನ್ನೇ ಹಿಡಿಕೆ ಹಿಡಿದು ಎತ್ತಿ ಇನ್ನೊಂದನ್ನು ಕೂರಿಸಬಹುದಿತ್ತು. 1973ರಲ್ಲಿ ಬಂದ ‘ವಿಂಚೆಸ್ಟರ್’ ಮಾದರಿ ತಟ್ಟೆಗಳನ್ನೂ ಅವುಗಳ ಮೇಲೆ ಓದಿ ಬರೆಯುವ ತಲೆಗಳನ್ನೂ ಒಂದೇ ಮೊಹರು ಹಾಕಿದ ಡಬ್ಬಿಯೊಳಗೆ ಸೇರಿಸಿತು. ಧೂಳು ಹೊಗದಿದ್ದುದರಿಂದ ತಲೆಗಳು ತಟ್ಟೆಗೆ ಇನ್ನಷ್ಟು ಸಮೀಪ ಹಾರಾಡಲು ಸಾಧ್ಯವಾಯಿತು. ಡಿಸ್ಕ್ ಕುಗ್ಗಲು ದಾರಿಯಾದದ್ದು ಇಲ್ಲಿಂದ. 1980ರಲ್ಲಿ ಸೀಗೇಟ್ ಸಂಸ್ಥೆಯ ‘ಎಸ್‌ಟಿ-506’ 5 ಮೆಗಾಬೈಟನ್ನು ಐದೂಕಾಲು ಅಂಗುಲದ ಅಳತೆಗೆ ತಂದಿತು. 1983ರ ಮಾರ್ಚಿನಲ್ಲಿ ಐಬಿಎಂನ ‘ಪಿಸಿ ಎಕ್ಸ್‌ಟಿ’ 10 ಮೆಗಾಬೈಟ್ ಡಿಸ್ಕನ್ನು ಒಡಲಲ್ಲಿಟ್ಟುಕೊಂಡೇ ಮಾರುಕಟ್ಟೆಗೆ ಬಂತು. ಕಣಜ ಮನೆಯೊಳಗೆ ಸೇರಿದ್ದು ಹೀಗೆ. ಐಬಿಎಂ ಮಾದರಿಯ ಪಿಸಿಗಳ ಪೆಟ್ಟಿಗೆಯನ್ನು ಸಾಧಾರಣ ಸ್ಕ್ರೂಡ್ರೈವರಿನಲ್ಲಿ ಬಿಚ್ಚಬಹುದಿತ್ತು. ಜಾಗ ಸಾಲದಿದ್ದರೆ ಅಂಗಡಿಯಿಂದ ಮತ್ತೊಂದು ಡಿಸ್ಕ್ ತಂದು ಒಳಗೇ ಕೂರಿಸಿದರಾಯಿತು. ಹೀಗಾಗಿ ಹೊರಗಿನ ಡಿಸ್ಕಿನ ಚರಿತ್ರೆ ಬೆಳೆದದ್ದು ಹೆಚ್ಚಾಗಿ ಬೇರೆ ಕಡೆ: ಬಿಚ್ಚಲಾಗದ ಪೆಟ್ಟಿಗೆಯೊಂದರ ಸುತ್ತ.

ಆ ಪೆಟ್ಟಿಗೆ, 1984ರ ಜನವರಿಯಲ್ಲಿ ಬಂದ ಆಪಲ್ ಮ್ಯಾಕಿಂಟೋಷ್. ಬೆಲೆ 2,495 ಡಾಲರ್. ನೋಡಲು ಮುದ್ದಾಗಿದ್ದ ಈ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು 400 ಕಿಲೋಬೈಟಿನ ಒಂದೇ ಒಂದು ಫ್ಲಾಪಿ ಕಿಂಡಿ. ಯಂತ್ರವನ್ನು ನಡೆಸುವ ತಂತ್ರಾಂಶ, ಪತ್ರ ಬರೆಯುವ ತಂತ್ರಾಂಶ, ಬರೆದ ಪತ್ರ ಎಲ್ಲವೂ ಅದರಲ್ಲೇ ಹಿಡಿಸಬೇಕು. ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ನಕಲು ಮಾಡುವುದೆಂದರೆ ಇದನ್ನು ಹಾಕು, ಅದನ್ನು ತೆಗೆ, ಮತ್ತೆ ಇದನ್ನು ಹಾಕು ಎಂದು ಯಂತ್ರ ಹೇಳಿದಂತೆ ಕುಣಿಯುವುದು. ಈ ಕುಣಿತ ತಪ್ಪಿಸಿಕೊಳ್ಳಲು ಆಪಲ್ 495 ಡಾಲರಿಗೆ ಎರಡನೆಯ ಫ್ಲಾಪಿ ಡ್ರೈವ್ ಮಾರುತ್ತಿತ್ತು. ಅದನ್ನು ಹೊರಗಿನಿಂದ ಸಿಕ್ಕಿಸಬೇಕು.

ಬಳಕೆದಾರ ಪೆಟ್ಟಿಗೆ ತೆರೆಯಬಾರದೆಂಬುದು ಆಪಲ್‌ನ ಸ್ಟೀವ್ ಜಾಬ್ಸ್ ಅವರ ಹಟವಾಗಿತ್ತು. ಕಂಪ್ಯೂಟರ್ ಕೂಡ ಮಿಕ್ಸಿ, ಟೋಸ್ಟರುಗಳಂತೆ ಕೊಂಡು ಬಳಸುವ ವಸ್ತುವಾಗಬೇಕೇ ಹೊರತು ಬಿಚ್ಚಿ ಜೋಡಿಸುವ ವಸ್ತುವಾಗಬಾರದು ಎಂಬ ಭಾವನೆ. ಮ್ಯಾಕಿಂಟೋಷ್‌ನ ಎರಡು ತಿರುಪುಗಳು ಮೇಲಿನ ಹಿಡಿಕೆಯ ಆಳದಲ್ಲಿದ್ದವು. ಅವನ್ನು ಬಿಚ್ಚಲು ನಕ್ಷತ್ರದಾಕಾರದ ತುದಿಯ ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕು. ವಿನ್ಯಾಸದ ಹಂತದಲ್ಲೇ ಬರೆಲ್ ಸ್ಮಿತ್ ಎಂಬ ಎಂಜಿನಿಯರ್, ಮುಂದೆ ಬೇಕಾದೀತೆಂದು ಒಂದು ವಿಸ್ತರಣೆಯ ಕಿಂಡಿಯನ್ನು ‘ಯಂತ್ರದ ದೋಷ ಪತ್ತೆಗೆ’ ಎಂಬ ಹೆಸರಿನಲ್ಲಿ ಸೇರಿಸಲು ಯತ್ನಿಸಿದ್ದರು. ಒಳಗುಟ್ಟು ಬಯಲಾಗಿ ಅದನ್ನು ಕಿತ್ತುಹಾಕಲಾಯಿತು. ತಮಾಷೆಯೆಂದರೆ, ಯಾರೂ ತೆರೆದು ನೋಡಬಾರದ ಆ ಪೆಟ್ಟಿಗೆಯ ಒಳಮೈಯಲ್ಲಿ ಅದನ್ನು ರೂಪಿಸಿದ ತಂಡದವರೆಲ್ಲರ ಸಹಿಗಳು ಅಚ್ಚಾಗಿದ್ದವು.

ಜನ ಸುಮ್ಮನಿರಲಿಲ್ಲ. 1985ರಲ್ಲಿ ಜನರಲ್ ಕಂಪ್ಯೂಟರ್ ಎಂಬ ಸಂಸ್ಥೆ ‘ಹೈಪರ್‌ಡ್ರೈವ್’ ಎಂಬ 10 ಮೆಗಾಬೈಟಿನ ಡಿಸ್ಕನ್ನು ಮ್ಯಾಕಿಂಟೋಷ್‌ನ ಒಡಲೊಳಗೇ ಸೇರಿಸಿಕೊಡತೊಡಗಿತು. ಸರಿಯಾದ ಕಿಂಡಿಯೇ ಇಲ್ಲದ್ದರಿಂದ ಅದನ್ನು ಮುಖ್ಯ ಚಿಪ್‌ನ ಕಾಲುಗಳಿಗೇ ಕ್ಲಿಪ್ಪಿನಿಂದ ಕಚ್ಚಿಸಬೇಕಾಗಿತ್ತು. (ಈ ಸಂಸ್ಥೆಯವರು ಅದಕ್ಕೆ ಮೊದಲು ‘ಮಿಸ್ ಪ್ಯಾಕ್‌ಮ್ಯಾನ್’ ಎಂಬ ಪ್ರಸಿದ್ಧ ವಿಡಿಯೋ ಆಟ ಮಾಡಿದ್ದವರು. ಇನ್ನೊಬ್ಬರ ಯಂತ್ರಕ್ಕೆ ತಮ್ಮದನ್ನು ಅಂಟಿಸುವ ಕಲೆ ಅವರಿಗೆ ಹೊಸದಲ್ಲ.) ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಜಾಬ್ಸ್ ಆಪಲ್ ತೊರೆದ ತಿಂಗಳಲ್ಲೇ, ಆಪಲ್ ತಾನೂ ‘ಹಾರ್ಡ್ ಡಿಸ್ಕ್ 20’ ಹೊರತಂದಿತು. 20 ಮೆಗಾಬೈಟ್, 1,495 ಡಾಲರ್. ಚಪ್ಪಟೆ ಮಣೆಯಂತಿದ್ದ ಅದನ್ನು ಮ್ಯಾಕಿಂಟೋಷ್‌ನ ಕೆಳಗಿಟ್ಟು, ಹೊರ ಫ್ಲಾಪಿಗಾಗಿ ಇದ್ದ ಕಿಂಡಿಗೇ ಸಿಕ್ಕಿಸಬೇಕಿತ್ತು. ಐವತ್ತು ಫ್ಲಾಪಿಗಳ ಸರಕು ಒಂದೇ ಕಡೆ! ಆದರೆ ಫ್ಲಾಪಿಯ ಕಿಂಡಿಯಾದ್ದರಿಂದ ವೇಗ ಕಡಿಮೆ. ಸಾಲದ್ದಕ್ಕೆ, ಆಗಿನ ಮ್ಯಾಕ್‌ಗಳಿಗೆ ಅಲ್ಲೊಂದು ಹಾರ್ಡ್ ಡಿಸ್ಕ್ ಇದೆ ಎಂದು ತಿಳಿಸಿಕೊಡಲು ಮೊದಲು ಫ್ಲಾಪಿಯಿಂದಲೇ ಯಂತ್ರ ಚಾಲೂ ಮಾಡಬೇಕಿತ್ತು.

ನಿಜವಾದ ಬದಲಾವಣೆ ಬಂದದ್ದು 1986ರ ಜನವರಿಯ ‘ಮ್ಯಾಕಿಂಟೋಷ್ ಪ್ಲಸ್’ನಿಂದ. ಅದರ ಬೆನ್ನಿಗೆ ‘ಸ್ಕಸಿ’ ಎಂಬ ಕಿಂಡಿ ಇತ್ತು. ಅದು ಆಪಲ್‌ನ ಸ್ವಂತ ಸೊತ್ತಲ್ಲ. ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಡಿಸ್ಕ್ ತಯಾರಕ ಸಂಸ್ಥೆಯ ವಿನ್ಯಾಸದಿಂದ ಬೆಳೆದು ಅದೇ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾದ ಸಾರ್ವಜನಿಕ ಪದ್ಧತಿ. ಯಾವ ಕಂಪೆನಿ ಮಾಡಿದ ಡಿಸ್ಕ್ ಆದರೂ ಸರಿ, ಸ್ಕಸಿ ನಿಯಮ ಪಾಲಿಸಿದರೆ ಸಾಕು. ಒಂದರ ಬಾಲಕ್ಕೊಂದರಂತೆ ಏಳು ಉಪಕರಣಗಳವರೆಗೆ ಸರಪಳಿ ಕಟ್ಟಬಹುದಿತ್ತು. ಆಪಲ್‌ನ ಡಿಸ್ಕ್ ದುಬಾರಿ ಎನಿಸಿದರೆ ಬೇರೆಯವರದ್ದು ತರಬಹುದು. ಪೆಟ್ಟಿಗೆ ಮುಚ್ಚಿಯೇ ಇತ್ತು, ಗ್ರಾಹಕನ ಕೈ ಮಾತ್ರ ಬಿಡುಗಡೆಯಾಯಿತು. ಕಿರಿಕಿರಿ ಇರಲಿಲ್ಲವೆಂದಲ್ಲ. ಸರಪಳಿಯಲ್ಲಿ ಎರಡು ಉಪಕರಣಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಎಲ್ಲವೂ ಸ್ತಬ್ಧ. ಕೊನೆಯದಕ್ಕೆ ‘ಟರ್ಮಿನೇಟರ್’ ಎಂಬ ಬಿರಡೆ ಹಾಕಲು ಮರೆತರೆ ಅಕ್ಷರಗಳು ಚೆಲ್ಲಾಪಿಲ್ಲಿ. ಡಿಸ್ಕನ್ನು ಮೊದಲು, ಕಂಪ್ಯೂಟರನ್ನು ಆಮೇಲೆ ಚಾಲೂ ಮಾಡಬೇಕು.

1995ರಲ್ಲಿ ಐಯೊಮೆಗಾ ಸಂಸ್ಥೆಯ ‘ಜಿಪ್’ ಡ್ರೈವ್ ಬಂತು. ಸುಮಾರು 200 ಡಾಲರಿಗೆ ಡ್ರೈವ್, 20 ಡಾಲರಿಗೆ 100 ಮೆಗಾಬೈಟಿನ ಡಿಸ್ಕ್. ಪಿಸಿ ಇದ್ದವರಿಗೆ ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಮಾದರಿಯೂ ಇತ್ತು. ಪುಟವಿನ್ಯಾಸ, ಚಿತ್ರಗಳ ಕೆಲಸ ಮಾಡುವವರು ಅದಕ್ಕೆ ಮುಗಿಬಿದ್ದರು. ಆದರೆ ಕೆಲವು ಡ್ರೈವ್‌ಗಳು ಟಕ್ ಟಕ್ ಎಂದು ಸದ್ದು ಮಾಡುತ್ತ ಸಾಯತೊಡಗಿದವು. ಕೆಟ್ಟ ಡ್ರೈವ್ ಡಿಸ್ಕನ್ನು ಹಾಳುಮಾಡಿದರೆ, ಹಾಳಾದ ಡಿಸ್ಕ್ ಮತ್ತೊಂದು ಒಳ್ಳೆಯ ಡ್ರೈವನ್ನೂ ಕೆಡಿಸಬಲ್ಲದಾಗಿತ್ತು. ‘ಸಾವಿನ ಟಕ್ ಸದ್ದು’ ಎಂದೇ ಅದಕ್ಕೆ ಹೆಸರಾಯಿತು. 1998ರಲ್ಲಿ ಗ್ರಾಹಕರು ಕೋರ್ಟಿಗೂ ಹೋದರು. ಅಷ್ಟರಲ್ಲಿ 650 ಮೆಗಾಬೈಟ್ ಹಿಡಿಸುವ, ಮನೆಯಲ್ಲೇ ಬರೆಯಬಹುದಾದ ಸಿ.ಡಿ.ಗಳು ಅಗ್ಗವಾಗುತ್ತಿದ್ದವು.

ಇಂದು ಎಲ್ಲರಿಗೂ ಪರಿಚಿತವಾದ ಯುಎಸ್‌ಬಿ ಕಿಂಡಿಯ ಮೊದಲ ಆವೃತ್ತಿ ಪ್ರಕಟವಾದದ್ದು 1996ರ ಜನವರಿಯಲ್ಲಿ. ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಸೇರಿ ಏಳು ಕಂಪೆನಿಗಳು ಕೂಡಿ ರೂಪಿಸಿದ್ದು. ಇಂಟೆಲ್‌ನಲ್ಲಿ ಇದರ ಮುಂದಾಳಾಗಿದ್ದವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. 2009ರಲ್ಲಿ ಇಂಟೆಲ್ ತನ್ನ ಟಿ.ವಿ. ಜಾಹೀರಾತಿನಲ್ಲಿ ಅವರನ್ನು ರಾಕ್ ತಾರೆಯಂತೆ ಮೆರೆಸಿತು, ಆದರೆ ಪರದೆಯ ಮೇಲೆ ಭಟ್ಟರಾಗಿ ನಡೆದುಬಂದದ್ದು ಒಬ್ಬ ನಟ! ಯುಎಸ್‌ಬಿಯ ದೊಡ್ಡ ಗುಣಗಳು ಎರಡು. ಸಂಖ್ಯೆ, ಬಿರಡೆಗಳ ಗೊಡವೆ ಇಲ್ಲ. ಅದೇ ತಂತಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ಮೊದಲ ಆವೃತ್ತಿ ನಿಧಾನದ್ದು, ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬಿಟ್. 2000ದ ಎರಡನೆಯ ಆವೃತ್ತಿ ಅದನ್ನು 480ಕ್ಕೆ, 2008ರ ಮೂರನೆಯದು 5,000ಕ್ಕೆ ಏರಿಸಿತು. ಆ ಹೊತ್ತಿಗೆ ಡಿಸ್ಕೂ ಅಗಾಧವಾಗಿ ಬೆಳೆದಿತ್ತು. 1988ರಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಕಾಂತೀಯ ಪರಿಣಾಮವೊಂದು ಡಿಸ್ಕಿನ ಓದುವ ತಲೆಗಳನ್ನು ಅತಿಸೂಕ್ಷ್ಮಗೊಳಿಸಿತು. 2007ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದ ವರ್ಷವೇ ಹಿಟಾಚಿ ಮೊದಲ 1 ಟೆರಾಬೈಟ್ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಈ ಸರಕು ರಾಶಿ ರಾಶಿಯಾಗಿ ಬಿತ್ತು. ಹಳೆಯ ಲ್ಯಾಪ್‌ಟಾಪಿನ ಡಿಸ್ಕನ್ನು ಕೆಲವು ನೂರು ರೂಪಾಯಿಯ ಕವಚದಲ್ಲಿ ಕೂರಿಸಿ ಹೊರ ಡಿಸ್ಕ್ ಮಾಡಿಕೊಳ್ಳುವ ವಿದ್ಯೆ ಕಾಲೇಜು ಹುಡುಗರಿಗೂ ಕರಗತವಾಯಿತು. ಮದುವೆಯ ವಿಡಿಯೋ ಬೇಕಾದರೆ ಹಾರ್ಡ್ ಡಿಸ್ಕ್ ತನ್ನಿ ಎಂದು ಸ್ಟುಡಿಯೋದವರು ಹೇಳುವುದು ರೂಢಿಗೆ ಬಂತು.

ಅಷ್ಟರಲ್ಲೇ ಪೆಟ್ಟಿಗೆ ಮತ್ತೆ ಮುಚ್ಚತೊಡಗಿತ್ತು. 2010ರ ಸುಮಾರಿಗೆ ತೆಳು ಲ್ಯಾಪ್‌ಟಾಪುಗಳು ತಿರುಗುವ ಡಿಸ್ಕನ್ನು ಬಿಟ್ಟು, ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಗೆ ಹೊರಳಿದವು. ವೇಗ ಅದ್ಭುತ, ಜಾಗ ಮಾತ್ರ ಕುಗ್ಗಿತು. ಆ ವರ್ಷದ ಮ್ಯಾಕ್‌ಬುಕ್ ಏರ್‌ನ ಚಿಕ್ಕ ಮಾದರಿಯಲ್ಲಿ ಇದ್ದದ್ದು ಕೇವಲ 64 ಗಿಗಾಬೈಟ್. 2016ರ ಮ್ಯಾಕ್‌ಬುಕ್ ಪ್ರೊ ಮಾದರಿಗಳಲ್ಲಿ ಈ ಚಿಪ್‌ಗಳನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕುವ ಕ್ರಮ ಬಂತು. ಇನ್ನು ಮೇಲೆ ಎಷ್ಟು ಜಾಗ ಬೇಕೆಂದು ಕೊಳ್ಳುವ ದಿನವೇ ತೀರ್ಮಾನಿಸಬೇಕು. ಇನ್ನು ಐದು ವರ್ಷಕ್ಕೆ ಎಷ್ಟು ಫೋಟೋ ತೆಗೆಯುತ್ತೇವೆಂದು ಯಾರಿಗೆ ಗೊತ್ತು? ಆ ಅನಿಶ್ಚಿತತೆಗೇ ಬೆಲೆ ಕಟ್ಟಿದಂತಿದೆ ಈ 20,000 ರೂಪಾಯಿ. ಆರಂಭದ ಬೆಲೆಯನ್ನು ಕಣ್ಣು ಸೆಳೆಯುವಷ್ಟು ಇಳಿಸಿ, ಲಾಭವನ್ನು ಮೇಲಿನ ಮೆಟ್ಟಿಲುಗಳಲ್ಲಿ ವಸೂಲು ಮಾಡುವ ವ್ಯಾಪಾರದ ಹಳೆಯ ಪಟ್ಟು ಇದು. ಬರಿಯ ಚಿಪ್‌ಗಳ ಬೆಲೆ ಅದಾಗಿದ್ದರೆ, ಅಂತಹವೇ ಚಿಪ್‌ಗಳಿರುವ ಹೊರ ಡ್ರೈವ್ ಅಷ್ಟು ಅಗ್ಗಕ್ಕೆ ಸಿಗುತ್ತಿರಲಿಲ್ಲ.

ಒಳಗಿನ ಜಾಗಕ್ಕೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಸಾಧಾರಣ ಹೊರ ಎಸ್‌ಎಸ್‌ಡಿಗಿಂತ ಒಳಗಿನದು ಹಲವು ಪಟ್ಟು ಚುರುಕು. ಯಂತ್ರ ನಡೆಸುವ ತಂತ್ರಾಂಶ, ದಿನವೂ ತೆರೆಯುವ ಕೆಲಸ ಅಲ್ಲೇ ಇರಬೇಕು. ಫೋಟೋ, ಚಲನಚಿತ್ರ, ಮುಗಿದ ಕೆಲಸದ ಕಡತಗಳಿಗೆ ಹಗೇವು ಸಾಕು. ಅಪಾಯ ಇರುವುದು ಇನ್ನೊಂದು ಕಡೆ. ಹೊರ ಡಿಸ್ಕ್ ಮೂಲತಃ ಎರಡನೆಯ ಪ್ರತಿ ಇಡಲು ಹೇಳಿಮಾಡಿಸಿದ್ದು. ಜಾಗ ಉಳಿಸಲೆಂದು ಒಳಗಿನದನ್ನು ಅಳಿಸಿ ಎಲ್ಲವನ್ನೂ ಅದಕ್ಕೆ ಸಾಗಿಸಿದ ಕೂಡಲೇ ಅದು ಪ್ರತಿಯಾಗಿ ಉಳಿಯುವುದಿಲ್ಲ, ಅದೇ ಮೂಲವಾಗುತ್ತದೆ. ಮೇಜಿನಿಂದ ಒಮ್ಮೆ ಬಿದ್ದರೆ, ಬಸ್ಸಿನಲ್ಲಿ ಮರೆತರೆ, ಬರೆಯುತ್ತಿರುವಾಗಲೇ ತಂತಿ ಕಿತ್ತರೆ ಹತ್ತು ವರ್ಷದ ಮನೆಯ ಚಿತ್ರಗಳು ಹೋದಂತೆಯೇ. ಎರಡು ಹೊರ ಡಿಸ್ಕ್ ಕೊಂಡು ಎರಡರಲ್ಲೂ ಒಂದೇ ಸರಕು ಇಟ್ಟರೂ 2024ರ ಆ ಬೆಲೆಪಟ್ಟಿಯ ಪ್ರಕಾರ ಒಟ್ಟು ಖರ್ಚು ಒಳಗಿನ 256 ಗಿಗಾಬೈಟಿನ ಬೆಲೆಯನ್ನು ಹೆಚ್ಚು ಮೀರುತ್ತಿರಲಿಲ್ಲ.

ಮೊಬೈಲಿನಲ್ಲಿ ಈ ಕಥೆ ಇನ್ನಷ್ಟು ಬಿಗಿ. ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ಉಗುರಿನಗಲದ ಮೆಮೊರಿ ಕಾರ್ಡಿಗೆ ಸಿನಿಮಾ ಹಾಡು ತುಂಬಿಸಿಕೊಂಡು ಹೋಗುತ್ತಿದ್ದ ಕಾಲ ಅನೇಕರಿಗೆ ನೆನಪಿದೆ. ಆ ಕಾರ್ಡೂ ಒಂದು ಹಗೇವೇ. 2021ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21 ಸರಣಿಯಲ್ಲಿ ಅದರ ಕಿಂಡಿ ಇರಲಿಲ್ಲ. ಅದೇ ವರ್ಷದ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಅಪರಿಮಿತ ಉಚಿತ ಜಾಗವೂ ನಿಂತಿತು. ಮಿತಿ ಮೀರಿದವರಿಗೆ ತಿಂಗಳ ಬಾಡಿಗೆ, 1956ರಲ್ಲಿ ಇದ್ದ ಹಾಗೆಯೇ. ಐಫೋನಿನಲ್ಲಂತೂ 2007ರ ಮೊದಲ ಮಾದರಿಯಿಂದಲೂ ಕಾರ್ಡಿನ ಕಿಂಡಿ ಇದ್ದದ್ದೇ ಇಲ್ಲ. ಆದರೆ ಐರೋಪ್ಯ ಒಕ್ಕೂಟ 2022ರಲ್ಲಿ ಎಲ್ಲ ಫೋನುಗಳಿಗೂ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂದು ಕಾನೂನು ಮಾಡಿತು. 2023ರ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂತು. ಅದರ ‘ಪ್ರೊ’ ಮಾದರಿಗಳಲ್ಲಿ ಅತ್ಯುನ್ನತ ಗುಣಮಟ್ಟದ ವಿಡಿಯೋ ತೆಗೆಯಬೇಕಾದರೆ ಫೋನಿನ ಬುಡಕ್ಕೆ ಹೊರ ಡ್ರೈವ್ ಸಿಕ್ಕಿಸಿ, ಚಿತ್ರವನ್ನು ನೇರವಾಗಿ ಅದರ ಮೇಲೇ ಬರೆಯಬೇಕು.