ಉತ್ತರ ಬರೆಯದ ಒಡಪುಗಳು

ನಮ್ಮ ಆಯಿ ಓದಿದ್ದು ಕಡಿಮೆ. ಆದರೂ ಆಕೆಯದೊಂದು ನೋಟುಬುಕ್ಕಿತ್ತು. ಹುಮನಾಬಾದಿನ ನಮ್ಮ ಹಳೆಯ ಮನೆಯ ಗೋಡೆಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ ಅದನ್ನು ಇಟ್ಟಿರುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ತೆರೆದು ನೋಡಿದರೆ ಸೊಟ್ಟ ಅಕ್ಷರಗಳಲ್ಲಿ ಅರವತ್ತಮೂರು ಒಡಪುಗಳು. ಪ್ರಶ್ನೆಗಳಷ್ಟೇ ಇವೆ, ಉತ್ತರ ಒಂದಕ್ಕೂ ಇಲ್ಲ. ಉತ್ತರ ಬಾಯಿಂದ ಬರಬೇಕಾದದ್ದು, ಅದನ್ನು ಕಾಗದದ ಮೇಲೆ ಇಟ್ಟರೆ ಆಟವೇ ಮುಗಿಯಿತು ಎಂದು ಆಕೆಗೆ ಅನಿಸಿರಬೇಕು. ನನ್ನ ನೆನಪಿನಿಂದಲೂ ನೆರೆಹೊರೆಯ ಹಿರಿಯರಿಂದಲೂ ಐವತ್ತೆರಡನ್ನು ಬಿಡಿಸಿಕೊಂಡೆ. ಹನ್ನೊಂದು ಉಳಿದವು. ಅವುಗಳಲ್ಲಿ ಒಂದು ಹೀಗಿದೆ: ‘ನಾಕು ಕೋಡಿನ ಮನಿ ಸೆರಗಿನಾಗ ಕಟ್ಟಿಕೊಂಡು ಸಂತಿಗೆ ಹೋದೆ, ಮನಿ ಕೊಟ್ಟೆ, ಬೆಲ್ಲ ತಂದೆ.’

ಒಡಪು ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಒಗಟು ಎಂಬುದು ಒಂದು. ಇನ್ನೊಂದು ಮದುವೆಯ ಮನೆಯದು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳಿದ ಹೊರತು ಒಳಗೆ ಬಿಡೆವೆನ್ನುತ್ತಾರೆ. ಉಳಿದ ದಿನಗಳಲ್ಲಿ ನಾಲಗೆಯ ಮೇಲೆ ತರಬಾರದ ಹೆಸರು ಅದು. ಆ ಹೊತ್ತು ಹೇಳಲೇಬೇಕು, ನೇರವಾಗಿ ಹೇಳಿದರೂ ಚೆನ್ನಲ್ಲ. ಪ್ರಾಸದ ಮಾತಿನ ನಡುವೆ ಹುದುಗಿಸಿ ಹೇಳಬೇಕು. ಅದಕ್ಕೂ ಒಡಪೆಂದೇ ಹೆಸರು. ವಿಶೇಷವೆಂದರೆ ಮರಾಠಿಯ ‘ಉಖಾಣಾ’ ಎಂಬ ಮಾತಿಗೂ ಇವೇ ಎರಡು ಅರ್ಥಗಳಿವೆ. ಕನ್ನಡ, ಮರಾಠಿ, ದಖನಿ, ತೆಲುಗು ಒಂದೇ ಓಣಿಯಲ್ಲಿ ಕೂಡಿ ಬಾಳಿದ ಬೀದರ ಸೀಮೆಯಲ್ಲಿ ಬಾಯಿ ಬಿಡಬಾರದ ಹೆಂಗಸಿಗೂ ಬುದ್ಧಿ ತೋರಿಸಲು ಒಂದು ಕಿಂಡಿಯಿತ್ತು. ಅದು ಒಡಪಿನದು.

ಒಳಮನೆಯಲ್ಲಿ ಆಯಿಯ ಒಡಪುಗಳಾದರೆ ಹೊರಗೆ ಅಂಗಡಿಯಲ್ಲಿ ಮುತ್ಯಾನ ಲೆಕ್ಕಗಳು. ಅವನ ಕಾಲದ ವ್ಯಾಪಾರವೇ ಒಂದು ಒಗಟಾಗಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ಹಾಲಿ ಸಿಕ್ಕಾ ಎಂಬ ತನ್ನದೇ ನಾಣ್ಯವಿತ್ತು; ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರೆ ಕಲ್ದಾರ ರೂಪಾಯಿ. ಕೊನೆಯ ವರ್ಷಗಳಲ್ಲಿ ಗೊತ್ತಾಗಿದ್ದ ದರ, ಏಳು ಹಾಲಿಗೆ ಆರು ಕಲ್ದಾರ. ಎಂದರೆ ಒಂದು ಕಲ್ದಾರ ರೂಪಾಯಿಗೆ ಹಾಲಿಯಲ್ಲಿ ಒಂದು ರೂಪಾಯಿ, ಎರಡಾಣೆ, ಎಂಟು ಪೈ. ಶಾಲೆಯ ಮೆಟ್ಟಿಲು ಹತ್ತದ ಹಮಾಲನೂ ಇದನ್ನು ಬಾಯಲ್ಲೇ ಹಾಕಿ ಹೇಳುತ್ತಿದ್ದನಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಹಾಲಿ ಸಿಕ್ಕಾ ಹೋಗಿತ್ತು. 1957ರ ನಯೇ ಪೈಸೆ ಬಂದಿತ್ತು. ಸೇರು, ಮಣಗಳು ಕಿಲೋಗ್ರಾಮಿಗೆ ದಾರಿ ಬಿಡುತ್ತಿದ್ದವು. ಮುತ್ಯಾ ಮಾತ್ರ ಹಳೆಯ ತಕ್ಕಡಿಯನ್ನು ಬಿಟ್ಟಿರಲಿಲ್ಲ.

ಒಂದು ಸಂಜೆ ಕೇಳಿದ: ‘ತಮ್ಮಾ, ಒಂದು ಮಣದ ಕಲ್ಲು ಬಿದ್ದು ನಾಲ್ಕು ಚೂರಾಯಿತು. ಆ ನಾಲ್ಕರಿಂದಲೇ ಒಂದು ಸೇರಿನಿಂದ ನಲವತ್ತು ಸೇರಿನ ತನಕ ಯಾವ ತೂಕವನ್ನಾದರೂ ತೂಗಬಹುದು. ಚೂರುಗಳು ಎಷ್ಟೆಷ್ಟು ಸೇರಿನವು?’ ಎರಡು ದಿನ ಹೆಣಗಿ ಸೋತೆ. ಅವನೇ ಹೇಳಿದ: ಒಂದು, ಮೂರು, ಒಂಬತ್ತು, ಇಪ್ಪತ್ತೇಳು. ‘ಹಾಗಾದರೆ ಹದಿನಾಲ್ಕು ಸೇರು ಜೋಳ ಹೇಗೆ ತೂಗತಿ?’ ಎಂದು ಮತ್ತೆ ಹಿಡಿದ. ರಾತ್ರಿ ಮಲಗಿದಾಗ ಹೊಳೆಯಿತು: ಕಲ್ಲು ಕಲ್ಲಿನ ತಟ್ಟೆಯಲ್ಲೇ ಇರಬೇಕೆಂದು ಯಾರು ಹೇಳಿದರು? ಇಪ್ಪತ್ತೇಳು ಒಂದು ಕಡೆ. ಉಳಿದ ಮೂರೂ ಜೋಳದ ಜೊತೆಗೆ! ಇಂಥದೇ ಲೆಕ್ಕ ಯುರೋಪಿನ ಹಳೆಯ ಗಣಿತಗ್ರಂಥಗಳಲ್ಲೂ ಇದೆಯೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಕಳೆಯುವುದೂ ತೂಗುವುದರ ಒಂದು ರೀತಿಯೆಂದು ನನಗೆ ಕಲಿಸಿದ್ದು ಆ ತಕ್ಕಡಿಯೇ.

ಕಥೆಯಿಂದ ಲೆಕ್ಕ ಕಲಿಸುವ ಈ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಅದರಲ್ಲಿ ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಮೊದಲನೆಯವನು, ‘ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ’ ಎನ್ನುತ್ತಾನೆ. ಎರಡನೆಯವನು ಮೂರರಷ್ಟೆನ್ನುತ್ತಾನೆ, ಮೂರನೆಯವನು ಐದರಷ್ಟು. ಅವರ ಕೈಯಲ್ಲಿ ಒಂದು, ಮೂರು, ಐದು ನಾಣ್ಯಗಳಿದ್ದು ಚೀಲದಲ್ಲಿ ಹದಿನೈದಿದ್ದರೆ ಲೆಕ್ಕ ಕೂಡುತ್ತದೆ. ಬರಿಯ ಸಮೀಕರಣವನ್ನು ಹುಡುಗ ಮರೆತಾನು. ಚೀಲ ಕಂಡ ಮೂವರನ್ನು ಮರೆಯುವುದಿಲ್ಲ.

ಮಾನ್ಯಖೇಟದ ವೈಭವ ಇಳಿದ ಮೇಲೆ ಚಾಲುಕ್ಯರ ರಾಜಧಾನಿಯಾಗಿ ಬೆಳಗಿದ್ದು ಕಲ್ಯಾಣ, ಇಂದಿನ ಬಸವಕಲ್ಯಾಣ. ಅಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದ ಕೊನೆಯ ಇಪ್ಪತ್ತು ಕ್ರೀಡೆಗಳಿಗೆ ಮೀಸಲು. ಚದುರಂಗ, ಪಗಡೆಗಳ ಸಾಲಿನಲ್ಲಿಯೇ ಪ್ರಹೇಲಿಕೆಗೆ, ಎಂದರೆ ಒಗಟಿಗೆ, ಒಂದು ಅಧ್ಯಾಯ. ಆಸ್ಥಾನದಲ್ಲಿ ಒಗಟು ಊಟವಾದ ಮೇಲಿನ ತಾಂಬೂಲದಂತೆ. ಬಿಡಿಸಿದರೆ ಮೆಚ್ಚುಗೆ, ಬಿಡಿಸದಿದ್ದರೆ ನಗೆ.

ಇದಾಗಿ ಒಂದು ತಲೆಮಾರು ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಒಗಟಿನ ಸ್ವಭಾವವೇ ಬದಲಾಯಿತು. ಅಲ್ಲಮನ ಬೆಡಗಿನ ವಚನಗಳನ್ನು ಓದಿದವರು ಬಲ್ಲರು: ಲೋಕದಲ್ಲಿ ನಡೆಯದ ಸಂಗತಿಯೊಂದು ನಡೆದುಹೋದಂತೆ ಅಲ್ಲಿ ಹೇಳಿರುತ್ತದೆ, ಪ್ರಾಣಿ, ಪಕ್ಷಿ, ಮರಗಳು ಮನಸ್ಸಿಗೂ ಇಂದ್ರಿಯಗಳಿಗೂ ನಿಲ್ಲುತ್ತವೆ. ಅರಮನೆಯ ಒಗಟಿಗೆ ಒಂದು ಮಾತು ಉತ್ತರ. ಬೆಡಗಿಗೆ ಕೇಳಿದವನ ಬದುಕೇ ಉತ್ತರವಾಗಬೇಕು. ಬಿಜ್ಜಳನ ಕೊನೆಯ ದಿನಗಳ ಗಲಭೆಯಲ್ಲಿ ಶರಣರು ಚದುರಿಹೋದರು. ಕೇಳುವವರೂ ಹೇಳುವವರೂ ಎದುರುಬದುರು ಕೂರುವುದು ತಪ್ಪಿತು. ಮುಂದೆ ಟೀಕಾಕಾರರು ಕುಳಿತು, ಯಾವ ಪ್ರಾಣಿ ಯಾವ ಇಂದ್ರಿಯವೆಂದು ಒಂದೊಂದಾಗಿ ಬರೆದಿಟ್ಟರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ವಚನಗಳನ್ನು ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ಯನ್ನು ಕಟ್ಟಿ, ಕೇಳುವವರನ್ನೂ ಹೇಳುವವರನ್ನೂ ಮತ್ತೆ ಎದುರುಬದುರು ಕೂರಿಸಿದ. ಟೀಕೆ ಬೆಡಗಿನ ಸೊಗಸನ್ನು ಕೆಡಿಸುತ್ತದೆಂದು ಹಿಂದೊಮ್ಮೆ ನಾನೂ ವಾದಿಸಿದ್ದುಂಟು. ಈಗ ಆ ಧೈರ್ಯವಿಲ್ಲ. ಅವರು ಬರೆದಿಡದಿದ್ದರೆ ನಮ್ಮ ಕೈಯಲ್ಲಿ ಎಷ್ಟು ಬೀಗಗಳಿದ್ದು, ಎಷ್ಟು ಕೀಲಿಗಳಿರುತ್ತಿದ್ದವು?

ಈ ದಾರಿ ಶರಣರೊಬ್ಬರದೇ ಅಲ್ಲ. 1422ರಲ್ಲಿ ಕಲಬುರಗಿಯಲ್ಲಿ ಕಾಲವಾದ ಬಂದೇನವಾಜರ ಹೆಸರಿನಲ್ಲಿ ‘ಶಿಕಾರನಾಮಾ’ ಎಂಬ ಕಿರುಕೃತಿ ಪ್ರಸಿದ್ಧವಾಗಿದೆ. ನಾಲ್ವರು ಅಣ್ಣತಮ್ಮಂದಿರ ವಿಚಿತ್ರ ಬೇಟೆಯ ಕಥೆ ಅದು. ಅದಕ್ಕೂ ಸೂಫಿಗಳು ವ್ಯಾಖ್ಯಾನ ಬರೆದರು. ಮಕ್ಕಳಿಗೆ ನಗೆ ತರಿಸುವಂಥ ಕಥೆಯೊಳಗೆ ದೊಡ್ಡವರಿಗೆ ಬೇಕಾದದ್ದನ್ನು ಇಡುವ ಜಾಣತನ ಶರಣರಲ್ಲೂ ಇತ್ತು, ಸೂಫಿಗಳಲ್ಲೂ ಇತ್ತು.

ಇನ್ನು ಆಯಿಯ ನೋಟುಬುಕ್ಕಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಹೋಗಿದ್ದೆ. ಬೆಂಡು ಬತ್ತಾಸಿನ ಅಂಗಡಿಗಳ ಕೊನೆಯಲ್ಲಿ ಮುದುಕನೊಬ್ಬ ಗೋಣಿತಟ್ಟಿನ ಮೇಲೆ ಹಳೆಯ ನಾಣ್ಯಗಳನ್ನು ಹರಡಿದ್ದ. ಸುಮ್ಮನೆ ಒಂದನ್ನು ಎತ್ತಿಕೊಂಡು ನೋಡಿದೆ. ಹಾಲಿ ಸಿಕ್ಕಾ ರೂಪಾಯಿ. ಅದರ ನಡುವೆ ಅಚ್ಚೊತ್ತಿದ ಚಾರ್‌ಮಿನಾರ್! ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಕೊಟ್ಟು, ಬೆಲ್ಲ ತಂದ ನಾಲ್ಕು ಕೋಡಿನ ಮನೆ! ಪ್ರಶ್ನೆ ಆಯಿಯ ಗೂಡಿನಲ್ಲಿತ್ತು, ಉತ್ತರ ಮುತ್ಯಾನ ಗಲ್ಲೆಯಲ್ಲಿತ್ತು. ನಾಣ್ಯ ಚಲಾವಣೆಯಿಂದ ಹೋದಾಗ ಒಡಪಿನ ಉತ್ತರವೂ ಅದರ ಜೊತೆಗೇ ಹೋಯಿತು. ಅದು ಯಾರ ಗಮನಕ್ಕೂ ಬರಲಿಲ್ಲ.

ಮನೆಗೆ ಬಂದು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತೆ. ಆಯಿ ಬರೆಯದಿದ್ದುದನ್ನು ನಾನು ಬರೆಯಬಹುದೇ? ಕೊನೆಗೆ ಟೀಕಾಕಾರರನ್ನು ನೆನೆದು, ಒಡಪಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಾಲಿ ರೂಪಾಯಿ’ ಎಂದು ಬರೆದೆ. ಇನ್ನೂ ಹತ್ತು ಉಳಿದಿವೆ. ವಾಚಕರ ಮನೆಯಲ್ಲಿ ಹಿರಿಯರಿದ್ದರೆ ಈ ಸಂಜೆ ಅವರ ಹತ್ತಿರ ಕುಳಿತು ಒಂದೆರಡು ಒಡಪು ಕೇಳಲಿ. ಬಿಡಿಸಲಾಗದಿದ್ದರೆ ನಾಚದೆ ಸೋಲೊಪ್ಪಿ ಉತ್ತರವನ್ನೂ ಕೇಳಿಕೊಳ್ಳಲಿ.